ಗುಬ್ಬಿಯ ಮರುಭೂಮಿ ಮತ್ತು ಇಸಾಕ್ ಸಾಬರ ಗೋಡೆ

ತುಮಕೂರು ಜಿಲ್ಲೆಯಲ್ಲಿ ಮರುಭೂಮಿ ಇದೆ ಎಂಬ ವಿಷಯ ೧೯೭೯ನೇ ಇಸವಿಯ ತನಕ ಸರ್ಕಾರದ ಗಮನಕ್ಕೆ ಬಂದಿರಲಿಲ್ಲ. ಆ ವರ್ಷ ಮೇಲಿನಿಂದ ಎಲ್ಲ ಜಿಲ್ಲೆಗಳಿಗೂ ಒಂದು ಸುತ್ತೋಲೆ ಬಂತು. ಪ್ರಾಚೀನ ಮರುಭೂಮಿ ವ್ಯಾಪಾರ ಮಾರ್ಗದ ನಗರಗಳಿಗೆ ಮಾರ್ಗದರ್ಶಕರ ಸಮೇತ ಸಾಂಸ್ಕೃತಿಕ ಪ್ರವಾಸ ಏರ್ಪಡಿಸಲಾಗುವುದು, ತಮ್ಮಲ್ಲಿ ಅಂಥ ನಗರಗಳಿದ್ದರೆ ತಿಳಿಸಿ ಎಂದು ಅದರಲ್ಲಿತ್ತು. ಜಿಲ್ಲಾ ಪ್ರವಾಸ ಸಮಿತಿಯ ಕಾರ್ಯದರ್ಶಿ ಮಹಾಲಿಂಗಯ್ಯನವರು ನೌಕರಿಯಲ್ಲೇ ತಲೆ ನರೆಸಿಕೊಂಡವರು. ‘ಇಲ್ಲ’ ಎಂದು ಬರೆದರೆ ಯಾಕಿಲ್ಲ ಎಂದು ಇನ್ನೊಂದು ಕಾಗದ ಬರುತ್ತದೆ. ಅದಕ್ಕೆ ಸಮಜಾಯಿಷಿ ಕೊಟ್ಟರೆ ಸಮಜಾಯಿಷಿ ತೃಪ್ತಿಕರವಾಗಿಲ್ಲ ಎಂದು ಮತ್ತೊಂದು ಬರುತ್ತದೆ. ‘ಇದೆ’ ಎಂದು ಬರೆದರೆ ಯಾಕಿದೆ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಅವರು ತುಮಕೂರು, ಗುಬ್ಬಿ, ಕುಣಿಗಲ್ ಎಂದು ಬರೆದು ಕಾಫಿಗೆ ಎದ್ದು ಹೋದರು. ಮೂರೂ ಮಂಜೂರಾಗಿ ಬಂದವು.

ಗುಬ್ಬಿಯ ಇಸಾಕ್ ಸಾಬರಿಗೆ ಈ ಬೆಳವಣಿಗೆ ತಿಳಿದಿರಲಿಲ್ಲ. ಅವರು ನಿಟ್ಟೂರು ರಸ್ತೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಹಿಂದಿನ ಮಳೆಗಾಲದಲ್ಲಿ ಅವರ ಅಡುಗೆಮನೆಯ ಗೋಡೆ ಬೀದಿಯ ಕಡೆಗೆ ಮಲಗಿಬಿಟ್ಟಿತ್ತು. ಅದೇ ಸಮಯಕ್ಕೆ ಮಗಳು ಹಜರಾಳಿಗೆ ಕುಣಿಗಲ್ಲಿನ ಒಂದು ಸಂಬಂಧ ಕೂಡಿಬಂತು. ಹುಡುಗನ ತಂದೆ ರಹಮತ್ ಉಲ್ಲಾ ಕುದುರೆಗೆ ಲಾಳ ಕಟ್ಟುವವರು, ಮರ್ಯಾದೆಗೆ ಅಂಜುವ ಮನುಷ್ಯ. ಹುಡುಗಿ ಒಪ್ಪಿಗೆ, ಆದರೆ ಬೀದಿಯಿಂದ ಒಲೆ ಕಾಣುವ ಮನೆಯವರ ಜೊತೆ ಬೀಗತನ ಮಾಡಿದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ, ಗೋಡೆ ಎದ್ದ ಮೇಲೆ ನಿಕಾದ ದಿನ ಗೊತ್ತು ಮಾಡೋಣ ಎಂದರು. ಸಾಬರು ಹಾಗೂ ಹೀಗೂ ಇಟ್ಟಿಗೆ ಹೊಂದಿಸಿ, ಗಾರೆಯವನಿಗೂ ಹೇಳಿ ಬಂದರು.

ಗಾರೆಯವನಿಗಿಂತ ಮೊದಲು ಮಹಾಲಿಂಗಯ್ಯನವರು ಬಂದರು. ಮಂಜೂರಾದ ನಗರದಲ್ಲಿ ಒಂದಾದರೂ ಅವಶೇಷ ಇರಬೇಕೆಂದು ಅವರು ಬೆಳಗಿನಿಂದ ಗುಬ್ಬಿಯ ಬೀದಿ ಬೀದಿ ಸುತ್ತಿದ್ದರು. ಎಲ್ಲ ಮನೆಗಳೂ ನಿಂತೇ ಇದ್ದದ್ದು ಅವರ ಮನಸ್ಸಿಗೆ ನೋವುಂಟುಮಾಡಿತ್ತು. ಸಾಬರ ಅಡುಗೆಮನೆ ಕಂಡು ಅವರ ಕಣ್ಣು ತುಂಬಿ ಬಂತು.

“ನಿಮ್ಮ ತಾತ ಎಲ್ಲಿಯವ್ರು ಸಾಬ್ರೆ?”

“ನಿಟ್ಟೂರು ಸಾರ್.”

“ಅದಕ್ಕೂ ಮುಂಚೆ?”

“ಅದಕ್ಕೂ ಮುಂಚೇನೂ ನಿಟ್ಟೂರೇ.”

“ಅದಕ್ಕೂ ಮುಂಚೆ?”

“ಗೊತ್ತಿಲ್ಲ ಸಾರ್.”

ಗೊತ್ತಿಲ್ಲದ್ದೆಲ್ಲ ಪ್ರಾಚೀನ ಎಂಬುದು ಸಮಿತಿಯ ಖಚಿತ ನಿಲುವು. ಮಾರನೆಯ ದಿನವೇ ಬೋರ್ಡು ಬಂತು: “ಸಾರ್ವಜನಿಕರ ಗಮನಕ್ಕೆ. ಇದು ಮರುಭೂಮಿಯ ಪ್ರಾಚೀನ ವರ್ತಕನ ಮನೆ. ಇಲ್ಲಿ ಗೋಡೆ ಕಟ್ಟುವುದು, ಸುಣ್ಣ ಬಳಿಯುವುದು, ದುರಸ್ತಿ ಮಾಡುವ ಉದ್ದೇಶದಿಂದ ನೋಡುವುದು ಶಿಕ್ಷಾರ್ಹ ಅಪರಾಧ.” ಇಸಾಕ್ ಸಾಬರು ಕೈಮುಗಿದು, ಗೋಡೆ ಏಳದಿದ್ದರೆ ಮಗಳ ನಿಕಾ ಆಗಲ್ಲ ಸಾರ್ ಎಂದರು. ಗೋಡೆ ಎದ್ದರೆ ತಮ್ಮ ಪ್ರಮೋಷನ್ ಆಗುವುದಿಲ್ಲ, ಎರಡರಲ್ಲಿ ಯಾವುದು ಜನಹಿತ ಎಂದು ನೀವೇ ಯೋಚಿಸಿ ಎಂದು ಮಹಾಲಿಂಗಯ್ಯನವರು ನಯವಾಗಿ ಹೇಳಿ ಜೀಪು ಹತ್ತಿದರು.

ಆಮೇಲಿನ ಕೆಲಸಗಳು ಚುರುಕಾಗಿ ನಡೆದವು. ಲಾರಿಗಳಲ್ಲಿ ಹೊಳೆ ಮರಳು ತರಿಸಿ ಬೀದಿಗೆ ಹರಡಲಾಯಿತು. ಬೆಳಗಾಗುವಷ್ಟರಲ್ಲಿ ಅರ್ಧ ಮರುಭೂಮಿ ಕಂಟ್ರಾಕ್ಟರ ಹೊಸ ಮನೆಯ ತಾರಸಿಗೆ ಹೋಗಿತ್ತು. ಮರುಭೂಮಿಯಲ್ಲಿ ಮರಳು ಜಾಗ ಬದಲಿಸುವುದು ಸಹಜ ಎಂದು ಷರಾ ಬರೆದು ಬಿಲ್ಲು ಪಾಸು ಮಾಡಲಾಯಿತು. ಒಂಟೆಗೆ ಅನುದಾನವಿರಲಿಲ್ಲ. ಬೆನ್ನ ಮೇಲೆ ಡುಬ್ಬವಿರುವ ಯಾವುದೇ ಸಾಕುಪ್ರಾಣಿಯನ್ನು ಈ ಯೋಜನೆಯ ಮಟ್ಟಿಗೆ ಒಂಟೆಯೆಂದು ಭಾವಿಸತಕ್ಕದ್ದು ಎಂಬ ನಿಯಮ ಮಾಡಿ, ಗೂಳೂರಿನಿಂದ ಒಂದು ಜೋಡಿ ಎತ್ತು ತರಿಸಿದರು. ಸಾಬರ ಹೆಂಡತಿ ಜೈನಬ್ ಬೀ ಸೀಮೆಎಣ್ಣೆ ಸ್ಟವ್ ಹಚ್ಚುವಂತಿಲ್ಲ, ಮೂರು ಕಲ್ಲಿಟ್ಟು ಸೌದೆಯಲ್ಲೇ ಅಡುಗೆ ಮಾಡಬೇಕು ಎಂದೂ ಆದೇಶವಾಯಿತು.

ಮೊದಲ ಬಸ್ಸಿನಲ್ಲಿ ಬೆಂಗಳೂರಿನ ಬ್ಯಾಂಕ್ ನೌಕರರು ಸಂಸಾರ ಸಮೇತ ಬಂದರು. ಮಾರ್ಗದರ್ಶಕ ಕದರಯ್ಯ. ಅವನು ಅಲ್ಲಿಯವರೆಗೆ ಜಟಕಾದಲ್ಲಿ ಕೂತು ಟೆಂಟ್ ಸಿನಿಮಾದ ಪ್ರಚಾರ ಮಾಡುತ್ತಿದ್ದವನು, ಕಂಠ ಚೆನ್ನಾಗಿತ್ತು. ಒಲೆಯ ಮುಂದಿದ್ದ ಜೈನಬ್ ಬೀ ಕಡೆ ಕೋಲು ತೋರಿಸಿ, ಈಕೆ ಎರಡು ಸಾವಿರ ವರ್ಷದ ಹಿಂದಿನ ವರ್ತಕನ ಪತ್ನಿ, ಒಂಟೆಗಳ ಸಾಲು ಬರುವುದನ್ನು ಮೌನವಾಗಿ ಕಾಯುತ್ತಿದ್ದಾಳೆ ಎಂದು ವಿವರಿಸಿದ.

“ಯಾವ ಮೌನ? ಕಾರ್ಡಲ್ಲಿ ಸೀಮೆಎಣ್ಣೆ ಇದ್ರೂ ಹೊಗೇಲಿ ಸಾಯ್ತಾ ಇದೀನಿ,” ಎಂದಳು ಜೈನಬ್ ಬೀ.

ಪ್ರಾಚೀನ ಭಾಷೆ ಇಷ್ಟು ಸುಲಭವಾಗಿ ಅರ್ಥವಾದದ್ದಕ್ಕೆ ಪ್ರವಾಸಿಗರು ಹರ್ಷ ವ್ಯಕ್ತಪಡಿಸಿದರು. ಹಜರಾ ಮಾತ್ರ ಒಳಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಅದನ್ನು ಕೇಳಿ ಇಸಾಕ್ ಸಾಬರು ಟೋಪಿ ಹಾಕಿಕೊಂಡು ಎದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸಂಬಂಧ ಮುರಿದರೆ ಮುರಿಯಲಿ ಎಂದು ಅವರು ಕುಣಿಗಲ್ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬೀಗರ ಮುಂದೆ ಹೇಗೆ ತಲೆಯೆತ್ತಿ ನಿಲ್ಲುವುದೆಂದೇ ಅವರ ಚಿಂತೆ.

ರಹಮತ್ ಉಲ್ಲಾ ತಮ್ಮ ಮನೆಯ ಗೋಡೆಯ ಮೇಲೆ ಹಾರೆ ಹಿಡಿದು ನಿಂತಿದ್ದರು. ಮೈಯೆಲ್ಲ ಮಣ್ಣು. ಅವಶೇಷದ ಮನೆಯವರಿಗೆ ಸೊಸೈಟಿ ಅಂಗಡಿಯಲ್ಲಿ ಕ್ಯೂ ಇಲ್ಲ, ಆಗಸ್ಟ್ ಹದಿನೈದಕ್ಕೆ ಮುಂದಿನ ಸಾಲಿನ ಕುರ್ಚಿ ಎಂದು ಸಮಿತಿ ಸಾರಿದ ಮೇಲೆ ಕುಣಿಗಲ್ಲಿನಲ್ಲಿ ಮರ್ಯಾದಸ್ಥರೆಲ್ಲ ಹಾರೆ ಹಿಡಿದಿದ್ದರು.

“ನೀವು ಪುಣ್ಯವಂತ್ರು ಬೀಗ್ರೆ,” ಎಂದರು ರಹಮತ್ ಉಲ್ಲಾ, ಬೆವರು ಒರೆಸಿಕೊಳ್ಳುತ್ತ. “ನಿಮ್ಮದು ತಾನಾಗೇ ಬಿತ್ತು. ನಮ್ಮಪ್ಪ ಕಟ್ಟಿಸಿದ್ದು ಹಾಳಾದ್ದು ಗಟ್ಟಿ, ಬೀಳ್ತಾನೇ ಇಲ್ಲ.”

“ಹಂಗಾದ್ರೆ ನಿಕಾ?”

“ನಿಕಾ ಮಾಡೋಣ. ಆದ್ರೆ ನೋಡಿ, ನಾವು ಎರಡು ಗೋಡೆ ಕೆಡವ್ತಾ ಇದೀವಿ. ನಿಮ್ಮದು ಒಂದೇ ಬಿದ್ದಿರೋದು. ಸರಿಸಮ ಇರ್ಬೇಕಲ್ವಾ? ನಾಲ್ಕು ಜನ ಏನಂತಾರೆ?”

ಆ ಮಾತಿನಲ್ಲಿ ನ್ಯಾಯವಿತ್ತು. ಇಸಾಕ್ ಸಾಬರು ಹಗುರ ಮನಸ್ಸಿನಿಂದ ಊರಿಗೆ ಬಂದು, ಗೋಡೆ ಕಟ್ಟಲು ಹೇಳಿದ್ದ ಗಾರೆಯವನ ಕೈಯಲ್ಲೇ ಪಡಸಾಲೆಯ ಎರಡು ಗೋಡೆ ಕೆಡವಿಸಿದರು. ಹೆಣ್ಣಿನ ಕಡೆಯವರು ಒಂದು ಕೈ ಮೇಲೇ ಇರಲಿ ಎಂದು ಅವರ ಆಸೆ. ಈಗ ಮನೆಯಲ್ಲಿ ಹೇಳಿಕೊಳ್ಳುವಂತೆ ಉಳಿದದ್ದು ಒಳಕೋಣೆ, ಕಂಬಗಳ ಮೇಲಿನ ಸೂರು ಮತ್ತು ಚೌಕಟ್ಟಿನ ಸಮೇತ ಮುಂಬಾಗಿಲು.

ನಿಕಾದ ದಿನವೇ ಪ್ರವಾಸಿಗರ ಎರಡು ಬಸ್ಸು ಬಂದವು. ಪ್ರಾಚೀನ ವಿವಾಹವೂ ಪ್ರವಾಸದ ಅಂಗವಾದ್ದರಿಂದ, ಒಳಗೆ ಹೋಗುವವರೆಲ್ಲ ಟಿಕೆಟ್ ಪಡೆಯತಕ್ಕದ್ದು ಎಂದು ಮಹಾಲಿಂಗಯ್ಯನವರು ಮುಂಬಾಗಿಲಲ್ಲಿ ಮೇಜು ಹಾಕಿಸಿದರು. ಮನೆಯ ಮೂರು ಕಡೆಯೂ ಬಯಲು. ಬೀದಿ ನಾಯಿಗಳು ಆ ಕಡೆಯಿಂದ ಈ ಕಡೆಗೆ ಆರಾಮವಾಗಿ ಓಡಾಡುತ್ತಿದ್ದವು. ಜನ ಮಾತ್ರ ಬಾಗಿಲ ಮುಂದೆ ಉದ್ದಕ್ಕೆ ಕ್ಯೂ ನಿಂತಿದ್ದರು. ಅಂಗಡಿಗೆ ಹೋಗಿದ್ದ ಇಸಾಕ್ ಸಾಬರು ಹೂವಿನ ಪೊಟ್ಟಣ ಹಿಡಿದು ಬಂದು ತಾವೂ ಕೊನೆಯಲ್ಲಿ ನಿಂತರು.

ಒಲೆಯ ಹತ್ತಿರದಿಂದ ಜೈನಬ್ ಬೀ ಅವರನ್ನು ಕಂಡಳು. ಇಬ್ಬರ ನಡುವೆ ನಾಲ್ಕು ಮಾರು ಮರಳಲ್ಲದೆ ಬೇರೇನೂ ಇರಲಿಲ್ಲ.

“ಹಜರಾನ ಅಬ್ಬಾ, ಹುಡುಗ ಬಂದು ಕೂತವ್ನೆ. ಹಿಂಗೇ ಬನ್ನಿ, ಗೋಡೆನೇ ಇಲ್ವಲ್ಲ.”

ಸಾಬರಿಗೆ ನಾಚಿಕೆಯಾಯಿತು. ಸುತ್ತಲಿನವರು ತಮ್ಮನ್ನೇ ನೋಡುತ್ತಿದ್ದಾರೆ ಎನಿಸಿತು.

“ಸುಮ್ನಿರು ಜೈನಬ್,” ಎಂದರು ತಗ್ಗಿದ ದನಿಯಲ್ಲಿ. “ಬಾಗಿಲು ಇರೋ ಮನೆ ನಮ್ಮದು.”

ಕ್ಯೂನಲ್ಲಿದ್ದವರು ಮೆಚ್ಚಿ ತಲೆದೂಗಿದರು. ಅಷ್ಟರಲ್ಲಿ ಬಂದು ಸಾಬರ ಹಿಂದೆ ನಿಂತಿದ್ದ, ನಿಕಾ ಓದಿಸಬೇಕಾದ ಖಾಜಿಯವರಂತೂ ಭೇಷ್ ಎಂದು ಅವರ ಬೆನ್ನು ತಟ್ಟಿ, ಟಿಕೆಟ್ಟಿಗೆ ಚಿಲ್ಲರೆ ಇದೆಯೇ ಎಂದು ಜೇಬು ನೋಡಿಕೊಂಡರು.