ಟ್ರಂಪೆಟ್ಟಿನ ನಿಕಲ್ ತುಟಿಗೆ ಬಂದದ್ದು

ಶಿವಮೊಗ್ಗದ ನಿಕಲ್ ಪ್ಲೇಟಿಂಗ್ ಚಕ್ರವರ್ತಿಗಳಾದ ದುಷ್ಯಂತ್ ಅವರ ಮಿರಮಿರ ಮಿಂಚುವ ಸನ್ನಿಧಾನಕ್ಕೆ, ಭದ್ರಾವತಿಯ ಮಹಿಳಾ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ವಸಂತಮ್ಮನ ಅಡ್ಡಬಿದ್ದ ನಮಸ್ಕಾರಗಳು.

ಮಾನ್ಯರೇ,

ನಮ್ಮ ಬ್ಯಾಂಡಿಗೆ ಶಿವಮೊಗ್ಗದ ದೊಡ್ಡ ಛತ್ರದಲ್ಲಿ ಮೊದಲ ಮದುವೆ ಸಿಕ್ಕಿತೆಂಬ ಹಿಗ್ಗಿನಲ್ಲಿ, ಹೆಂಗಸರು ಊದುವುದನ್ನು ಕಂಡು ನಗುವವರು ವಾದ್ಯದ ಹೊಳಪು ನೋಡಿಯಾದರೂ ಬಾಯಿ ಮುಚ್ಚಲಿ ಎಂದು, ನನ್ನ ಹಳೆಯ ಹಿತ್ತಾಳೆ ಟ್ರಂಪೆಟ್ಟನ್ನು ನಿಕಲ್ ಲೇಪಕ್ಕೆಂದು ತಮ್ಮ ಕೈಗೊಪ್ಪಿಸಿದೆ. ಅದಕ್ಕೆ ಮೆತ್ತಿದ್ದ ಎಣ್ಣೆಜಿಡ್ಡು ತೊಳೆಯುವಂಥ ಕೀಳು ಕೆಲಸಕ್ಕೆ ತಾವು ಇಳಿಯಲಿಲ್ಲ. ಹಳೆ ಪಂಚೆಯಲ್ಲಿ ಒಮ್ಮೆ ಒರೆಸಿ, ತಳದಲ್ಲಿ ಕೆಸರು ಕೂತಿದ್ದ ತಣ್ಣನೆಯ ದ್ರಾವಣಕ್ಕೆ ಇಳಿಬಿಟ್ಟಿರಿ. ಇಷ್ಟು ಬೇಗ ಆಗುತ್ತದೆಯೇ ಎಂದು ಕೇಳಿದ್ದಕ್ಕೆ, "ಕರೆಂಟ್ ಜಾಸ್ತಿ ಕೊಟ್ರೆ ಎಲ್ಲಾ ಬೇಗ ಆಗುತ್ತಮ್ಮ, ಟೀ ಕುಡಿದು ಬನ್ನಿ" ಎಂದು ತಾವು ನೀಡಿದ ಉಪದೇಶವನ್ನು ಎಲ್ಲ ವಿಜ್ಞಾನ ಕಾಲೇಜುಗಳ ಗೋಡೆಯ ಮೇಲೆ ಕೆತ್ತಿಸಬೇಕೆಂದು ಸರ್ಕಾರಕ್ಕೆ ನನ್ನ ಆಗ್ರಹ.

ಮದುವೆಯ ದಿನ ವರ ಕಾರಿನಿಂದ ಇಳಿದ. ನಾನು ಕೆನ್ನೆಯುಬ್ಬಿಸಿ ಊದಿದೆ. ಎರಡನೇ ಹಾಡಿಗೇ ತಮ್ಮ ಲೇಪ ಈರುಳ್ಳಿ ಸಿಪ್ಪೆಯಂತೆ ಎದ್ದು ತುಟಿ ಕೊಯ್ದಿತು. ರಕ್ತ ನೋಡಿದ ಬೀಗರೊಬ್ಬರು "ಹೆಂಗಸರಿಗೆ ಇದೆಲ್ಲಾ ಯಾಕೆ ಬೇಕಿತ್ತು?" ಎಂದರು. ಡ್ರಮ್ ಬಾರಿಸುವ ನಮ್ಮ ದ್ಯಾಮಮ್ಮ ಅವರೆದುರಿಗೇ ಹೋಗಿ ನಿಂತು, ಅವರ ಮಾತು ಅವರಿಗೇ ಕೇಳಿಸದಂತೆ ಬಾರಿಸಿದ್ದರಿಂದ ದಿಬ್ಬಣ ಹೇಗೋ ಒಳಗೆ ಹೋಯಿತು. ನಾನು ಮಾತ್ರ ಕೈತೊಳೆಯುವ ನಲ್ಲಿಯ ಬಳಿ ಬಾಯಿಗೆ ಸೆರಗೊತ್ತಿಕೊಂಡು ಅತ್ತುಬಿಟ್ಟೆ.

ಮರುದಿನ ತಂದು ತೋರಿಸಿದಾಗ "ನೀವು ಜೋರಾಗಿ ಊದಿದ್ದಕ್ಕೇ ಕಿತ್ತುಬಂದಿರೋದು" ಎಂದಿರಿ. ಆಹಾ, ಎಂಥ ಸಂಶೋಧನೆ! ಇನ್ನು ಮುಂದೆ ಊದದ ಟ್ರಂಪೆಟ್, ಓಡಿಸದ ಬೈಕ್, ತಿರುಗಿಸದ ನಲ್ಲಿಗಳಿಗೆ ಮಾತ್ರ ಪ್ಲೇಟಿಂಗ್ ಮಾಡಲಾಗುವುದೆಂದು ದಯವಿಟ್ಟು ಬೋರ್ಡು ಹಾಕಿಸಿ.

ನಮ್ಮ ಭದ್ರಾವತಿಯ ಕಾಗದನಗರದ ಕಡೆ ಪ್ಲೇಟಿಂಗ್ ಶೆಡ್ಡು ಇಟ್ಟಿರುವ ಸುಮನಾ ಎಂಬ ಹುಡುಗಿಗೆ, ಪಾಪ, ತಮ್ಮಷ್ಟು ಧೈರ್ಯವಿಲ್ಲ. ತಮ್ಮ ಕಲಾಕೃತಿಯನ್ನೆಲ್ಲ ಕಿತ್ತು, ಜಿಡ್ಡು ಬಿಡಿಸಿ, ಆಸಿಡ್ಡಿನಲ್ಲಿ ಅದ್ದಿ, ಮತ್ತೆ ಮತ್ತೆ ತೊಳೆದು, ಸೋಸಿದ ದ್ರಾವಣವನ್ನು ಹದವಾಗಿ ಬಿಸಿ ಮಾಡಿ, ಕರೆಂಟನ್ನು ಅಳೆದು ಕೊಟ್ಟು, ಅಂಜುತ್ತಂಜುತ್ತಲೇ ಮುಗಿಸಿದಳು. ಟೀ ಕುಡಿದು ಬರುವಷ್ಟರಲ್ಲಂತೂ ಆಗಲಿಲ್ಲ. ತುಟಿ ಮಾಯ್ದ ಮೇಲೆ ಅದೇ ಛತ್ರದಲ್ಲಿ ಇನ್ನೊಂದು ಮದುವೆಗೆ ಊದಿದೆ, ಗಂಟಲಿನ ನರ ಉಬ್ಬುವಷ್ಟು ಜೋರಾಗಿಯೇ. ನಿಕಲ್ ತನ್ನ ಜಾಗ ಬಿಟ್ಟು ಕದಲಲಿಲ್ಲ.

ತಮ್ಮ ಕಸುಬಿನ ರುಚಿಯನ್ನು ಬಾಯಾರೆ ಉಂಡಿರುವ,
ತಮ್ಮ ವಿಶ್ವಾಸಿ,
ವಸಂತಮ್ಮ

ತಾ.ಕ.: ನಿನ್ನೆ ಸುಮನಾಳ ಶೆಡ್ಡಿನಲ್ಲಿ ತಮ್ಮ ಶ್ರೀಮತಿಯವರು ಸಿಕ್ಕಿದ್ದರು. ನಿಕಲ್ ಮಾಡಿಸಲು ಉಯ್ಯಾಲೆಯ ಸರಪಳಿ ತಂದಿದ್ದರು. ಇಲ್ಲಿಗೇಕೆ ಬಂದಿರಿ ಎಂದು ಕೇಳಿದೆ. "ಇದು ಬೇರೆಯವರ ಸಾಮಾನಲ್ಲ ಕಣ್ರೀ, ನಮ್ಮನೇದು" ಎಂದರು.