ಗಾಳಿ ತೆಗೆಯುವ ಮಾಸ್ತರು

ತಣ್ಣಗೆ ಮಾಡುವ ವಿದ್ಯೆ ಕಲಿಸುವವನ ಹೊಟ್ಟೆ ಮಾತ್ರ ಎಂದೂ ತಣ್ಣಗಿರುವುದಿಲ್ಲ. ಒಂದು ಪ್ರಸಂಗ ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ಬಡಿಯುತ್ತದೆ. ಶಹಾಪುರದ ಅಂಚಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಫ್ರಿಜ್ಜು, ಎಸಿ ರಿಪೇರಿ ಕಲಿಸುತ್ತೇನೆ. ಹುದ್ದೆಯ ಹೆಸರು ಅತಿಥಿ ಬೋಧಕ. ಅತಿಥಿ ದೇವರ ಸಮಾನ ಎಂದು ಹಿರಿಯರು ಹೇಳಿದ್ದಾರೆ. ನಮ್ಮಲ್ಲಿ ಅತಿಥಿ ಎಂದರೆ ಯಾವಾಗ ಬೇಕಾದರೂ "ಹೋಗಿ ಬರ್ರಿ" ಅನ್ನಿಸಿಕೊಳ್ಳುವವನು. ತರಗತಿ ತುಂಬಿದರೆ ನಾನುಂಟು. ಒಬ್ಬರು ಕಡಿಮೆಯಾದರೂ ತರಗತಿ ಬಂದ್, ಅದರ ಜೊತೆಗೆ ನಾನೂ ಬಂದ್.

ನಮ್ಮ ವರ್ಕ್‌ಶಾಪು ಹಿಂದೆ ಹತ್ತಿ ಜಿನ್ ಆಗಿದ್ದ ತಗಡಿನ ಶೆಡ್ಡು. ಬಾಗಿಲಲ್ಲಿ ನಿಂತರೆ ಬುದ್ಧ ಮಲಗಿದಂತಿರುವ ಗುಡ್ಡ ಕಾಣುತ್ತದೆ. ಗುಡ್ಡದಲ್ಲಿ ಮಲಗಿದವನಿಗಿರುವ ಶಾಂತಿ ಶೆಡ್ಡಿನಲ್ಲಿ ನಿಂತವರಿಗಿಲ್ಲ. ಒಳಗೆ ಒಂದು ಕಡೆ ನನ್ನ ಫ್ರಿಜ್ಜುಗಳು. ಇನ್ನೊಂದು ಕಡೆ ತಗಡು ಕತ್ತರಿಸಿ, ಬಾಗಿಸಿ, ಎಸಿ ಗಾಳಿಯ ಕೊಳವೆ ಮಾಡುವುದನ್ನು ಕಲಿಸುವ ನನ್ನ ಸಹೋದ್ಯೋಗಿ. ಎಲ್ಲರೂ ಅವರನ್ನು ತಗಡಿನ ಮಾಸ್ತರು ಅನ್ನುತ್ತಾರೆ. ಅವರು ದೆವ್ವ ಭೂತ ನಂಬುವುದಿಲ್ಲ. ನಾನೂ ನಂಬುವುದಿಲ್ಲ, ಆದರೆ ಒಬ್ಬನೇ ಇದ್ದಾಗ ಆ ವಿಷಯ ಎತ್ತುವುದಿಲ್ಲ.

ಮೇಲೆ ಯಾರೋ ಇದ್ದಾರೆ

ಹೊಸ ಬ್ಯಾಚು ಬಂದ ಮೊದಲ ವಾರ. ಸಂಜೆ ಹೊತ್ತು ಇಳಿಯುತ್ತಿದ್ದಂತೆ ಮಾಡಿನ ಮೇಲೆ ಸದ್ದು ಶುರುವಾಯಿತು. ಟಪ್. ಸ್ವಲ್ಪ ಬಿಟ್ಟು ಇನ್ನೊಂದು ಟಪ್. ಯಾರೋ ಭಾರವಾದ ಆಳು ಈ ತುದಿಯಿಂದ ಆ ತುದಿಗೆ ನಿಧಾನ ನಡೆದು ಹೋಗಿ, ಅಲ್ಲಿ ನಿಂತು, ಕೆಳಗೆ ಬಗ್ಗಿ ನೋಡಿದ ಹಾಗೆ. ಹುಡುಗರು ಕೈಯಲ್ಲಿದ್ದ ಸುತ್ತಿಗೆ ಹಾಗೇ ಹಿಡಿದು ಮೇಲೆ ನೋಡುತ್ತಾ ನಿಂತರು.

ತಗಡಿನ ಮಾಸ್ತರಿಗೆ ಇಂಥ ಹೊತ್ತು ಬಂದರೆ ಹಬ್ಬ. "ಅಂಜಬ್ಯಾಡ್ರೋ. ದಿನಾಪೂರ್ತಿ ಬಿಸಲಿಗೆ ತಗಡ ಹಿಗ್ಗಿರ್ತಾದ. ಸಂಜಿಕ ತಂಪಾದ ಮ್ಯಾಲ ಕುಗ್ತಾದ. ಕುಗ್ಗುಮುಂದ ಸಪ್ಪಳ ಮಾಡ್ತಾದ. ಇದು ವಿಜ್ಞಾನ!" ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ಹುಡುಗರು ಒಪ್ಪಿದರು. ಅಂದಿನಿಂದ ಸಂಜೆಯ ಸದ್ದು ನಮಗೆ ಗಂಟೆ ಬಾರಿಸಿದ ಹಾಗಾಯಿತು. ಟಪ್ ಎಂದರೆ ಸಾಮಾನು ಎತ್ತಿಡುವುದು, ಮನೆ ದಾರಿ ಹಿಡಿಯುವುದು.

ಆಮೇಲೆ ಮಳೆಗಾಲ ಬಂತು. ಬೆಳಗಿನಿಂದ ಮೋಡ ಮುಚ್ಚಿ, ಸೂರ್ಯ ಮುಖವೇ ತೋರಿಸದ ಒಂದು ದಿನ. ಹೊರಗೆ ಎಲೆ ಅಲುಗುತ್ತಿರಲಿಲ್ಲ. ಅಂಥ ನಡುಮಧ್ಯಾಹ್ನ ಮೇಲೆ ಟಪ್ ಎಂದಿತು. ಮತ್ತೆ ಟಪ್. ಈ ತುದಿಯಿಂದ ಆ ತುದಿಗೆ. ಕೋತಿಯೇನೋ ಎಂದು ಹೊರಗೆ ಹೋಗಿ ನೋಡಿ ಬಂದೆ. ಮಾಡಿನ ಮೇಲೆ ಏನೂ ಇರಲಿಲ್ಲ.

ಕಕ್ಕೇರಾ ಕಡೆಯ ಒಬ್ಬ ವಿದ್ಯಾರ್ಥಿ ಎದ್ದು ನಿಂತ. "ಸರ್, ಇವತ್ತ ಬಿಸಲೇ ಬಿದ್ದಿಲ್ಲಲ್ರಿ?"

ತಗಡಿನ ಮಾಸ್ತರು ಮೇಲೆ ನೋಡಿದರು, ಬೋರ್ಡು ನೋಡಿದರು, ಕೊನೆಗೆ ಬಾಗಿಲು ನೋಡಿದರು. "ನಿನ್ನಿ ಬಿಸಲು ಸ್ವಲ್ಪ ಉಳದಿತ್ತೋ" ಎಂದವರೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಟೇಬಿಟ್ಟರು.

ಸಗರದ ಪೆಟ್ಟಿಗೆ

ಹೆಣ ಇಡುವ ಫ್ರೀಜರ್ ಪೆಟ್ಟಿಗೆಗಳು ಈಗ ಹಳ್ಳಿಗೂ ಬಂದಿವೆ. ದೂರದ ಮಕ್ಕಳು ಬಂದು ಮುಟ್ಟುವ ತನಕ ಮುದುಕರು ಗಾಜಿನ ಕೆಳಗೆ ತಂಪಾಗಿ ಕಾಯುತ್ತಾರೆ. ಒಂದು ದಿನ ಸಗರದಿಂದ ಫೋನು ಬಂತು: ಪೆಟ್ಟಿಗೆ ತಂಪು ಮಾಡುತ್ತಿಲ್ಲ, ಜಲ್ದಿ ಬರ್ರಿ. ಪ್ರಾಯೋಗಿಕ ಪಾಠವೂ ಆಗುತ್ತದೆಂದು ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ.

ಪಡಸಾಲೆ ತುಂಬ ಜನ. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಪೆಟ್ಟಿಗೆಯ ಗಾಜಿಗೆ ಒಳಗಡೆಯಿಂದ ಮಂಜು ಕಟ್ಟಿತ್ತು, ಯಾರೋ ಒಳಗಿದ್ದು ಉಸಿರು ಬಿಟ್ಟ ಹಾಗೆ. ಆ ಮಂಜಿನ ಹಿಂದೆ ಮುದುಕನ ಮುಖ ಒಮ್ಮೆ ಕಂಡಂತೆ, ಒಮ್ಮೆ ಕಾಣದಂತೆ. ನನ್ನ ಜೊತೆ ಬಂದಿದ್ದ ಇಬ್ಬರೂ ಹೊಸ್ತಿಲ ಹತ್ತಿರವೇ ಉಳಿದರು. ನನಗೂ ಅಲ್ಲೇ ಉಳಿಯಬೇಕೆನಿಸಿತ್ತು, ಆದರೆ ಮಾಸ್ತರಾದವನಿಗೆ ಆ ಭಾಗ್ಯವಿಲ್ಲ.

ಮಂಡಿಯೂರಿ ಕೂತೆ. ಕೆಳಗಿನ ಮೋಟಾರು ಸುಟ್ಟಿದೆಯೋ ಇಲ್ಲವೋ ತಿಳಿಯಲು ಪೆಟ್ಟಿಗೆಗೆ ಕಿವಿ ಹಚ್ಚಿದೆ. ಒಳಗಿನಿಂದ ಸಣ್ಣಗೆ ಗುಂಯ್ ಎಂದಿತು. ಖುಷಿಯಲ್ಲಿ, ನಾವು ದಿನಾ ವರ್ಕ್‌ಶಾಪಿನಲ್ಲಿ ಅನ್ನುವ ಮಾತನ್ನೇ ಕೂಗಿಬಿಟ್ಟೆ: "ಇನ್ನಾ ಜೀವ ಅದ್ರಿ!"

ಅಳು ನಿಂತಿತು. ಹಾಡುತ್ತಿದ್ದ ಮುದುಕಿಯ ಬಾಯಿ ತೆರೆದದ್ದು ಹಾಗೇ ಉಳಿಯಿತು. ಒಬ್ಬಳು ಸೊಸೆ ಗೋಡೆ ಹಿಡಿದುಕೊಂಡಳು. ಎಲ್ಲರೂ ಗಾಜಿನ ಕಡೆಗೆ ನೋಡಿದರು. ಮಂಜಿನಲ್ಲಿ ಒಂದು ಹನಿ ಕೂಡಿಕೊಂಡು, ಯಾರೋ ಬೆರಳಿನಲ್ಲಿ ಗೆರೆ ಎಳೆದಂತೆ, ಸರ್ರನೆ ಕೆಳಗಿಳಿಯಿತು.

ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯರು ಎದ್ದು ಬಂದು ನನ್ನ ಭುಜ ಹಿಡಿದು, ಬಹಳ ಮರ್ಯಾದೆಯಿಂದ, ಕಿವಿಯಲ್ಲಿ ಹೇಳಿದರು: "ಮಾಸ್ತರ್, ಕುಣಿ ತೋಡಿ ಆಗ್ಯಾದ. ಬೀಗರೆಲ್ಲ ಬಂದು ಕುಂತಾರ. ಈಗ ಏಳೋದು ಬ್ಯಾಡ ಅಂತ ಒಳಗಿನವರಿಗೆ ನೀವ ಸ್ವಲ್ಪ ತಿಳಿಸಿ ಹೇಳ್ರಿ."

ತೆಗೆದ ಗಾಳಿ ಎಲ್ಲಿ ಹೋಗುತ್ತದೆ?

ಹೊಸ್ತಿಲಲ್ಲಿ ನಿಂತಿದ್ದ ಆ ಇಬ್ಬರೂ ಮರುದಿನದಿಂದ ತರಗತಿಗೆ ಬರಲಿಲ್ಲ. ಅದು ಸಾಲದೆಂದು ಹೊಳೆದಂಡೆಯ ಮೀನಿನ ವ್ಯಾಪಾರಿಯೊಬ್ಬ ತನ್ನ ದೊಡ್ಡ ಫ್ರೀಜರನ್ನು ಸುರಪುರ ದಾಟಿಸಿ ನಮ್ಮಲ್ಲಿಗೆ ತಂದುಹಾಕಿದ. ಅದರ ಕೊಳವೆ ಎಲ್ಲೋ ಸೀಳಿ, ಗ್ಯಾಸು ಹೋಗಿ, ಒಳಗೆ ಹೊರಗಿನ ಗಾಳಿ ತುಂಬಿಕೊಂಡಿತ್ತು. ಅದನ್ನು ಪಂಪು ಹಚ್ಚಿ ಪೂರ್ತಿ ಎಳೆದು ತೆಗೆಯದೆ ಹೊಸ ಗ್ಯಾಸು ತುಂಬುವಂತಿಲ್ಲ. ನಾನು ಫೋನಿನಲ್ಲಿ ಅವನಿಗೆ ಹೇಳಿದ್ದು ಇಷ್ಟೇ: "ಒಳಗ ಗಾಳಿ ಹೊಕ್ಕಾದ. ಫಿಕರ್ ಮಾಡಬ್ಯಾಡ, ಮಷೀನ್ ಹಚ್ಚಿ ಗಾಳಿ ತೆಗದು ಕೊಡ್ತೀನಿ."

ನಮ್ಮ ಕಡೆ ಗಾಳಿ ಹೊಕ್ಕಿದೆ ಎಂದರೆ ದೆವ್ವ ಹೊಕ್ಕಿದೆ ಎಂದೇ ಅರ್ಥ ಎನ್ನುವುದನ್ನು, ಗಾಳಿಯ ಕೆಲಸದಿಂದಲೇ ಅನ್ನ ತಿನ್ನುವ ನಾನು ಮರೆತಿದ್ದೆ.

ಅವನು ಬಂದದ್ದು ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಕರಿದಾರದ ಉಂಡೆ ಹಿಡಿದುಕೊಂಡು. "ನನಗ ಮೊದಲೇ ಡೌಟ್ ಇತ್ರಿ" ಎಂದ. "ನಮ್ಮ ಕಾಕಾನೇ ಇರಬೇಕು. ಇರೂತನಕ ಮೀನ ಅಂದ್ರ ಜೀವ ಬಿಡ್ತಿದ್ದ. ಬ್ಯಾರೆ ಯಾರು ಫ್ರೀಜರ್ ಒಳಗ ಹೊಗ್ತಾರ?"

ನಕ್ಕುಬಿಡಬೇಕಿತ್ತು, ಆದರೆ ಅಷ್ಟರಲ್ಲಿ ಪಂಪು ಚಾಲೂ ಮಾಡಿದ್ದೆ. ಮೊದಲಿಗೆ ಅದು ನರಳುತ್ತದೆ. ಆಮೇಲೆ ಅದರ ಬಾಯಿಂದ ತೆಳ್ಳಗೆ ಬಿಳಿ ಹೊಗೆ ಬರುತ್ತದೆ, ಎಣ್ಣೆಯ ಹೊಗೆ. ಅದು ಆವತ್ತು ಫ್ರೀಜರಿನ ಸುತ್ತ ಒಂದು ಸುತ್ತು ಹಾಕಿ, ನೆಲದಗುಂಟ ಹರಿದು, ನೇರ ಅವನ ಕಾಲಿನ ಹತ್ತಿರ ಹೋಗಿ ನಿಂತಿತು. ಅವನು "ಕಾಕಾ" ಎಂದು ಸಣ್ಣ ದನಿಯಲ್ಲಿ ಕರೆದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ತೆಗದ ಗಾಳಿ ಎಲ್ಲಿ ಬಿಡ್ತೀರಿ?"

"ಎಲ್ಲಿ ಬಿಡೋದು? ಇಲ್ಲೇ, ಶೆಡ್ಡಿನ್ಯಾಗ."

ಅವನು ಸಾಲಾಗಿ ನಿಲ್ಲಿಸಿದ್ದ ಹಳೆ ಫ್ರಿಜ್ಜುಗಳನ್ನೆಲ್ಲ ನೋಡಿದ. ಯಾದಗಿರಿಯದು, ಸುರಪುರದ್ದು, ಯಾರು ಯಾರ ಮನೆಯದೋ. "ಅಂದ್ರ ಇವೆಲ್ಲವುದರ ಗಾಳೀನೂ ಇಲ್ಲೇ ಕೂಡ್ಯಾವ?" ಎಂದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಬಾಗಿಲು ಮುಟ್ಟಿದ. ಹೊರಗೆ ನಿಂತು ಕೂಗಿದ: "ಮಾಸ್ತರ್, ನಮ್ಮ ಕಾಕಾ ಸ್ವಲ್ಪ ಜಗಳಗಂಟ. ಬ್ಯಾರೆವರ ಕೂಡ ಕೂಡಿಸಬ್ಯಾಡ್ರಿ!"

ಬೋನಾಳದ ಅಜ್ಜಿಯ ಕೆಲಸ

ಊರ ಬಾಯಿಗೆ ಮುಚ್ಚಳ ಮಾಡುವ ತಗಡು ಇನ್ನೂ ಬಂದಿಲ್ಲ. ವಾರ ಒಪ್ಪತ್ತಿನಲ್ಲಿ ನನ್ನ ತರಗತಿ ಅರ್ಧ ಖಾಲಿಯಾಯಿತು. ಪ್ರಿನ್ಸಿಪಾಲರು ಕರೆದು, "ಪ್ರವೇಶದ ಕೊನೇ ದಿನ ಶನಿವಾರ. ಅಷ್ಟರಾಗ ತುಂಬಸ್ರಿ. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬೇರೆ ಕೆಲಸ ಗೊತ್ತಿಲ್ಲದವನು ನಾನು, ಅದೂ ಸಾಲದೆಂದು ಈ ಕೆಲಸವನ್ನು ಪ್ರೀತಿಸುತ್ತಿದ್ದೆ.

ಮನೆ ಮನೆ ತಿರುಗಿದೆ. ಬೋನಾಳದಲ್ಲಿ ಒಬ್ಬ ಅಜ್ಜಿ ತನ್ನ ಮೊಮ್ಮಗನನ್ನು ಹಿಂದೆ ಸರಿಸಿ ಮುಂದೆ ಬಂದು ನಿಂತಳು. "ನಿಮ್ಮ ಸಾಲ್ಯಾಗ ಸತ್ತವರು ಅಡ್ಡಾಡ್ತಾರಂತ, ಖರೇ ಏನ್ರಿ?"

"ಎಲ್ಲಾ ಸುಳ್ಳು ಯವ್ವಾ. ಒಬ್ಬರೂ ಇಲ್ಲ" ಎಂದು ದೇವರ ಆಣೆ ಮಾಡಿದೆ.

ಅಜ್ಜಿಯ ಮುಖ ಸಪ್ಪಗಾಯಿತು. "ಇದ್ದಿದ್ರ ಹುಡುಗನ್ನ ಕಳಸ್ತಿದ್ದೆ ನೋಡ್ರಿ. ನಮ್ಮ ಮುದುಕ ಕೊಡ್ಲಿ ಎಲ್ಲಿಟ್ಟು ಸತ್ತಾನಂತ ಕೇಳಿಕೊಂಡು ಬರ್ತಿದ್ದ."

ಶನಿವಾರ

ಹೇಗೋ ಹಾಗೋ ಕೈಕಾಲು ಹಿಡಿದು ತರಗತಿ ತುಂಬಿಸುತ್ತಾ ಬಂದೆ. ಶನಿವಾರ ಮಧ್ಯಾಹ್ನಕ್ಕೆ ಒಬ್ಬರು ಕಡಿಮೆ. ಒಬ್ಬರೇ ಒಬ್ಬರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಅಂತಾರಲ್ಲ, ನನ್ನ ಕಥೆ ಅದೇ ಆಗಿತ್ತು.

ಆಗ ಒಂದು ಟಂಟಂ ಆಟೋ ಬಂದು ಶೆಡ್ಡಿನ ಮುಂದೆ ನಿಂತಿತು. ಅದರಿಂದ ಒಬ್ಬ ತಾಯಿ, ಅವಳ ಅಣ್ಣ, ಇಬ್ಬರ ನಡುವೆ ತಲೆಗೂದಲು ಬಿಚ್ಚಿ ಮುಖದ ಮೇಲೆ ಇಳಿಬಿಟ್ಟುಕೊಂಡ ಒಬ್ಬ ಹುಡುಗಿ ಇಳಿದರು.

"ಗಾಳಿ ತೆಗಿಯೋ ಮಾಸ್ತರ್ ನೀವೇ ಏನ್ರಿ?" ಎಂದ ಸೋದರಮಾವ.

ತಾಯಿ ಕಣ್ಣೀರು ಹಾಕಿದಳು. ಮಗಳು ಪಿಯುಸಿ ಪಾಸಾಗಿದ್ದಾಳೆ. ಮುಂದೆ ಓದೋದು ಸಾಕು, ಹತ್ತಿ ಬಿಡಿಸಲು ನಡೆ ಎಂದು ಮನೆಯವರು ಹೇಳಿದ ದಿನದಿಂದ ಬಾಯಿ ಕಟ್ಟಿದೆ. ಒಂದು ಅಕ್ಷರ ಮಾತಾಡಿಲ್ಲ. "ಎಲ್ಲಾ ಕಡಿ ತೋರಿಸೇವ್ರಿ. ಗಾಳಿ ಅಂತಾರ. ನಿಮ್ಮ ಹಂತ್ಯಾಕ ಮಷೀನ್ ಅದಂತ" ಎಂದಳು.

"ಯವ್ವಾ, ಅದು ಫ್ರಿಜ್ಜಿನ ಗಾಳಿ ತೆಗಿಯೋ ಪಂಪು" ಎಂದು ಎಷ್ಟು ಬಡಿದುಕೊಂಡರೂ ಅವರು ಕದಲಲಿಲ್ಲ. ತಗಡಿನ ಮಾಸ್ತರು ಪಕ್ಕಕ್ಕೆ ಕರೆದು, "ಖಾಲಿ ಪಂಪ್ ಒಂದೀಟು ಚಾಲೂ ಮಾಡಿ ಬಂದ್ ಮಾಡ್ರಿ, ಅವರಿಗೂ ಸಮಾಧಾನ. ನಾ ಪ್ರಿನ್ಸಿಪಾಲರನ್ನ ಕರಕೊಂಡು ಬರ್ತೀನಿ" ಎಂದು ಅಂಗಳ ದಾಟಿ ಹೋದರು. ವಿಜ್ಞಾನ ಕಲಿಸುವವನು ಇಂಥದ್ದು ಮಾಡಬಾರದು. ಮಾಡಿದೆ.

ಪಂಪು ನರಳಿತು. ಹುಡುಗಿ ನೆಲದ ಮೇಲೆ ಕೂತಿದ್ದಳು, ಕೂದಲ ಹಿಂದೆ ಮುಖ ಕಾಣುತ್ತಿರಲಿಲ್ಲ. ಸೋದರಮಾವ ಇಂಥದ್ದು ಬಹಳ ಕಂಡವನು, ಎದುರಿಗೆ ಕುಕ್ಕರಗಾಲಲ್ಲಿ ಕೂತು ರೂಢಿಯಂತೆ ಸವಾಲು ಹಾಕಿದ: "ಯಾರು ನೀ? ಏನು ಬೇಕು ನಿನಗ? ಕೋಳಿ ಬೇಕೇನು? ಹಸರ ಸೀರಿ ಬೇಕೇನು?"

ಪಂಪಿನ ಸದ್ದು ಇಳಿಯುತ್ತಾ ಬಂದು ತೆಳ್ಳಗಾಯಿತು. ಆಗ ಒಂದು ದನಿ ಬಂತು. ಹೆಂಗಸಿನ ದನಿ, ಆದರೆ ದಪ್ಪ, ಬಾವಿಯ ತಳದಿಂದ ಬಂದಂತೆ.

"ಕೋಳಿ ಬ್ಯಾಡ. ಸೀರಿ ಬ್ಯಾಡ. ಇಲ್ಲೇ ಎರಡು ವರ್ಸ ಇರ್ತೀನಿ. ಈ ಕೆಲಸ ಕಲಿತೀನಿ. ಆಮ್ಯಾಲ ಬಿಟ್ಟು ಹೋಗ್ತೀನಿ."

ತಾಯಿ ಕೈ ಮುಗಿದುಬಿಟ್ಟಳು. ಸೋದರಮಾವ ಮಾತ್ರ ವ್ಯವಹಾರಸ್ಥ. ದೆವ್ವವೆಂದು ಚೌಕಾಸಿ ಬಿಡಲಿಲ್ಲ. "ಎರಡು ವರ್ಸ ಭಾಳಾತು. ಆರು ತಿಂಗಳದಾಗ ಮುಗಿಸಿಕೊ."

ದನಿ ಹೇಳಿತು: "ಆರು ತಿಂಗಳಿಗೆ ಸರ್ಟಿಫಿಕೇಟ್ ಕೊಡೋದಿಲ್ಲ."

ಪ್ರಿನ್ಸಿಪಾಲರು ಬರುವ ಹೊತ್ತಿಗೆ ತಾಯಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಆಗಿತ್ತು. ತರಗತಿ ತುಂಬಿತು. ನಾನು ಉಳಿದೆ.

ಹುಡುಗಿ ಎರಡನೆಯ ದಿನ ಮಾತಾಡತೊಡಗಿದಳು, ಎರಡನೆಯ ವಾರ ಪ್ರಶ್ನೆ ಕೇಳತೊಡಗಿದಳು, ಆಮೇಲೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅಂಥ ಚುರುಕು ಕೈ ನನ್ನ ತರಗತಿಯಲ್ಲಿ ಇನ್ನೊಂದಿಲ್ಲ. ಮೊನ್ನೆ ಅವಳ ಕೊನೆಯ ಪರೀಕ್ಷೆ ಮುಗಿಯಿತು. ಎಲ್ಲರೂ ಹೋದ ಮೇಲೆ ಸಾಮಾನು ಎತ್ತಿಡುತ್ತಾ ನಾವಿಬ್ಬರೇ ಉಳಿದಿದ್ದೆವು. ಎರಡು ವರ್ಷ ಗುಟ್ಟಾಗಿ ಇಟ್ಟುಕೊಂಡಿದ್ದ ಮೆಚ್ಚುಗೆಯನ್ನು ಅಂದು ಹೇಳಿಯೇಬಿಟ್ಟೆ:

"ಏನ ದನಿ ತೆಗದಿಯವ್ವಾ ಅವತ್ತ! ಅದರಾಗ ಆ ಸರ್ಟಿಫಿಕೇಟ್ ಮಾತು! ನನ್ನ ನೌಕರಿ ಉಳಿಸಿದಾಕಿ ನೀ."

ಅವಳು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟಳು. "ನಾನೇನ್ರಿ ಸರ್? ನಾ ಅವತ್ತ ತುಟಿ ಬಿಚ್ಚಿಲ್ರಿ. ಸೀಟ್ ತುಂಬಲಿ ಅಂತ ನೀವ ಹೆಣ್ಣಿನ ದನಿ ಮಾಡಿ ಮಾತಾಡಿದ್ರಿ ಅಂತ ತಿಳದೇನಿ. ಅದಕ್ಕ ದಿನಾ ಮನಸಿನ್ಯಾಗ ನಿಮಗ ಕೈ ಮುಗೀತೀನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ಹೊರಟೆವು. ಗುರುವಿಗೆ ಗೌರವ ಕೊಟ್ಟು ಅವಳೇ ದಾರಿ ಬಿಟ್ಟಳೋ, ನಾನೇ ಅವಳನ್ನು ತಳ್ಳಿಕೊಂಡು ಹೋದೆನೋ, ಈಗ ನೆನಪಿಲ್ಲ. ಹೊರಗೆ ಮೊದಲು ಬಂದವನು ಮಾತ್ರ ನಾನು.