ಅವಳು ಮನೆಗೆ ಮರಳಲಿಲ್ಲ

ಎಲ್ಲ ರಾದ್ಧಾಂತಕ್ಕೂ ಮೂಲ ಗೆದ್ದಲು. ಗೆದ್ದಲೆಂದರೆ ಒಂಟಿಯಾಗಿ ಬರುವ ಜಾತಿಯಲ್ಲ, ನೆಂಟರ ಹಾಗೆ ಸಂಸಾರ ಸಮೇತ ಬಂದು ತಳವೂರುತ್ತದೆ. ಹಾಗೆ ಬಂದದ್ದು ವಾಚನಾಲಯದ ಮಕ್ಕಳ ಕಪಾಟಿಗೆ ನುಗ್ಗಿ, ಅಕ್ಕಪಕ್ಕದ ಪುಸ್ತಕಗಳನ್ನು ಮೂಸಿಯೂ ನೋಡದೆ, ‘ಅಂಚೆಪೆಟ್ಟಿಗೆಯ ಆಚೆ’ ಎಂಬ ಕಾದಂಬರಿಯ ಕೊನೆಯ ಹನ್ನೆರಡು ಪುಟಗಳನ್ನು ಮಾತ್ರ ಜರಡಿ ಮಾಡಿಟ್ಟಿತ್ತು.

ಗ್ರಂಥಪಾಲಕನಿಗೆ ಇದು ಗೊತ್ತಾದದ್ದು ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ, ಹದಿನಾಲ್ಕು ಮಕ್ಕಳ ಎದುರು, ಪುಟ ತಿರುವಿದ ಕ್ಷಣದಲ್ಲಿ.

ಹತ್ತು ಶನಿವಾರಗಳಿಂದ ಅವನು ಆ ಕತೆಯನ್ನು ಓದಿ ಹೇಳುತ್ತಿದ್ದ. ಒಬ್ಬ ಹುಡುಗಿ ಅಂಚೆಪೆಟ್ಟಿಗೆಯ ಬಾಯಿಯಿಂದ ಒಳಗೆ ಜಾರಿ ಬೇರೊಂದು ನಾಡು ಸೇರುತ್ತಾಳೆ. ಅಲ್ಲಿ ನದಿಗಳು ಬೆಟ್ಟ ಹತ್ತುತ್ತವೆ, ಬೆಕ್ಕುಗಳು ನ್ಯಾಯ ಹೇಳುತ್ತವೆ, ಯಾರೂ ಯಾರನ್ನೂ ‘ಬಾ ಇಲ್ಲಿ, ಒಂದು ಕೆಲಸ ಇದೆ’ ಎಂದು ಕರೆಯುವುದಿಲ್ಲ. ಇವತ್ತು ಕೊನೆಯ ಅಧ್ಯಾಯ. ಹುಡುಗಿ ಅಲ್ಲೇ ಉಳಿಯುತ್ತಾಳೋ, ಮನೆಗೆ ಮರಳುತ್ತಾಳೋ?

ಉತ್ತರ ಅವನಿಗೆ ಗೊತ್ತಿತ್ತು. ಚಿಕ್ಕವನಿದ್ದಾಗಲೇ ಓದಿದ್ದ. ಮರಳುತ್ತಾಳೆ, ಅಮ್ಮ ಬಿಸಿಹಾಲು ಕೊಡುತ್ತಾಳೆ, ಮುಕ್ತಾಯ. ಆ ಹಾಲಿನ ಮೇಲೆ ಅವನಿಗೆ ಮೂವತ್ತು ವರ್ಷಗಳ ಸಿಟ್ಟು. ಬೆಟ್ಟ ಹತ್ತುವ ನದಿಯನ್ನು ಬಿಟ್ಟು ಹಾಲು ಕುಡಿಯಲು ಬರುವುದೆಂದರೇನು? ಅದರ ಮೇಲೆ, ಆ ದಿನ ಅವನ ಮನೆಯಲ್ಲಿ ಅಟ್ಟ ಖಾಲಿ ಮಾಡುವ ಕಾರ್ಯಕ್ರಮವಿತ್ತು. ತಾಯಿ, ಹೆಂಡತಿ, ಅತ್ತೆ ಮೂವರೂ ಬೆಳಿಗ್ಗೆ ಆರರಿಂದಲೇ ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ ಅವನಿಗೆ ಆಜ್ಞೆ ಹೊರಡಿಸಿದ್ದರು. “ಒಂದು ಗಂಟೆಗೆ ಸರಿಯಾಗಿ ಬರ್ಬೇಕು, ನೆಪ ಹೇಳಂಗಿಲ್ಲ” ಎಂದು ಹೆಂಡತಿ ಬಾಗಿಲವರೆಗೂ ಬಂದು ಹೇಳಿದ್ದಳು.

ತನ್ನ ಮೇಲೆ ಎಂದೂ ಅನುಮಾನ ಪಡದ ಮನುಷ್ಯ ಅವನು. ತೂತುಬಿದ್ದ ಪುಟವನ್ನೇ ನೋಡುತ್ತ ಗಂಭೀರವಾಗಿ ಓದಿದ:

“‘ನಾನು ಹೋಗುವುದಿಲ್ಲ’ ಎಂದಳು ಹುಡುಗಿ. ಅಂಚೆಪೆಟ್ಟಿಗೆಯ ಬಾಯಿಗೆ ಒಳಗಿನಿಂದ ಚಿಲಕ ಹಾಕಿದಳು. ಅವಳು ಮನೆಗೆ ಮರಳಲಿಲ್ಲ. ಮುಗಿಯಿತು.”

ಪುಸ್ತಕವನ್ನು ಟಪ್ಪೆಂದು ಮುಚ್ಚಿದ. ಮುಂದಿನ ಸಾಲಿನಲ್ಲಿ ಓಣಿಯ ನರ್ಸಮ್ಮನ ಮಗಳು ಎದ್ದು ನಿಂತಳು. ಎರಡು ಜಡೆ, ಮುರಿದ ಒಂದು ಹಲ್ಲು. ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದುದರಿಂದ ಅವಳನ್ನು ಎಲ್ಲರೂ ‘ಯಾಕಮ್ಮ’ ಎಂದೇ ಕರೆಯುತ್ತಿದ್ದರು.

“ಮಾಮಾ, ಹಾಗಾದ್ರೆ ನಾವು ಯಾಕೆ ಮನೆಗೆ ಹೋಗ್ಬೇಕು?”

“ನೀವು... ಅದು ಕತೆ ಪುಟ್ಟಾ.”

“ಅವಳು ಮಾತ್ರ ಯಾಕೆ ಹೋಗ್ಲಿಲ್ಲ?”

ಅಷ್ಟರಲ್ಲಿ ಹಿಂದಿನ ಸಾಲಿನವರು ವಾಚನಾಲಯದ ಬಾಗಿಲಿಗೆ ಚಿಲಕ ಹಾಕಿಯಾಗಿತ್ತು. ಮೇಜುಗಳು ಬೆಟ್ಟಗಳಾದವು. ನೀಲಿ ಪರದೆಯೊಂದು ಮೇಜಿನ ಮೇಲೇರಿ ನದಿಯಾಯಿತು. ಮೂಲೆಯಲ್ಲಿ ಪತ್ರಿಕೆಯನ್ನು ಮುಖದ ಮೇಲೆ ಹೊದ್ದು ನಿದ್ದೆ ಹೋಗಿದ್ದ ನಿವೃತ್ತ ಹವಾಲ್ದಾರರು ಗದ್ದಲಕ್ಕೆ ಎಚ್ಚೆತ್ತು, ವಿಷಯ ತಿಳಿದು, ಮೀಸೆ ತೀಡಿದರು.

“ಇಂಥ ಗುಂಪನ್ನ ನಾನು ಎಷ್ಟು ಚದುರಿಸಿಲ್ಲ! ನೀವು ಸುಮ್ನೆ ಪಕ್ಕಕ್ಕೆ ನಿಂತ್ಕೊಳ್ಳಿ.” ಹೀಗೆಂದು ಅವರು ಮಕ್ಕಳ ನಡುವೆ ನುಗ್ಗಿದರು.

ಯಾಕಮ್ಮ ಅವರ ಮೀಸೆಯನ್ನು ಮೇಲಿಂದ ಕೆಳಗೆ ಪರೀಕ್ಷಿಸಿದಳು. “ತಾತ, ನೀವೇ ನ್ಯಾಯಾಧೀಶ ಬೆಕ್ಕು. ಈ ಕುರ್ಚಿ ಮೇಲೆ ಕೂತ್ಕೊಳ್ಳಿ.”

ಮೂವತ್ತು ವರ್ಷ ನೌಕರಿ ಮಾಡಿದರೂ ಯಾರೂ ಅವರನ್ನು ಅಷ್ಟು ಎತ್ತರದ ಕುರ್ಚಿಯಲ್ಲಿ ಕೂರಿಸಿರಲಿಲ್ಲ. ಕೂತರು. ವಾದ ಕೇಳಿದರು. ತೀರ್ಪನ್ನೂ ಕೊಟ್ಟರು: “ಮಕ್ಕಳ ಮಾತಲ್ಲಿ ನ್ಯಾಯ ಇದೆ. ಯಾರೂ ಮನೆಗೆ ಹೋಗೋ ಹಾಗಿಲ್ಲ. ಮಿಯಾಂವ್.”

ಹನ್ನೆರಡೂವರೆಗೆ ಹೆತ್ತವರು ಕಿಟಕಿಯ ಹೊರಗೆ ಜಮಾಯಿಸತೊಡಗಿದರು. ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಾಗಿದ್ದ ನರ್ಸಮ್ಮ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದ ದರ್ಜಿ, ಖಾಕಿ ಬಟ್ಟೆಯ ಬಸ್ ಕಂಡಕ್ಟರ್. ಕಂಡಕ್ಟರನು ಕಿಟಕಿಯ ಸರಳನ್ನು ಟಣಟಣ ಬಾರಿಸಿದ.

“ಕೊನೇ ಸ್ಟಾಪು! ಎಲ್ಲಾ ಇಳೀರಿ, ಇಳೀರಿ!”

“ನಮ್ಮ ಹತ್ರ ಪಾಸ್ ಇದೆ!” ಒಳಗಿನಿಂದ ಅವನ ಮಗನೇ ಕೂಗಿದ.

ದರ್ಜಿ ಹೊಸ ಅಂಗಿಯ ಆಸೆ ತೋರಿಸಿದ. ಆ ನಾಡಿನಲ್ಲಿ ಗುಂಡಿ ಹಾಕಿಕೊಳ್ಳುವ ಪದ್ಧತಿಯೇ ಇಲ್ಲವೆಂದು ಉತ್ತರ ಬಂತು. ನರ್ಸಮ್ಮ ಇಂಜೆಕ್ಷನ್ನಿನ ಹೆಸರೆತ್ತಿದಳು. ಅದರಿಂದ ಚಿಲಕದ ಜೊತೆಗೆ ಬಾಗಿಲ ಹಿಂದೆ ಒಂದು ಬೆಂಚೂ ಬಂದು ಕೂತಿತಷ್ಟೆ. ಕಡೆಗೆ ಎಲ್ಲರ ಕಣ್ಣೂ ಗ್ರಂಥಪಾಲಕನ ಮೇಲೆ ಬಿತ್ತು.

“ಏನ್ರೀ ಓದಿದ್ರಿ ನೀವು ಈ ಮಕ್ಕಳಿಗೆ?”

“ಸಾಹಿತ್ಯ” ಎಂದ ಅವನು.

“ದೊಡ್ಡ ಮೇಡಂಗೆ ಫೋನ್ ಮಾಡ್ರೀ!”

ದೊಡ್ಡ ಮೇಡಂ ಎಂದರೆ ಊರಿನ ವಾಚನಾಲಯಗಳಿಗೆಲ್ಲ ಮುಖ್ಯಸ್ಥೆ. ಕಂಡಕ್ಟರನು ಫೋನನ್ನು ಸರಳುಗಳ ನಡುವೆ ತೂರಿಸಿದ. ಆಕೆ ಹೆಚ್ಚು ಮಾತಾಡಲಿಲ್ಲ. “ಅರ್ಧ ಗಂಟೇಲಿ ಬರ್ತೀನಿ. ಅಷ್ಟರಲ್ಲಿ ಮಕ್ಕಳು ಅವರವರ ಮನೇಲಿರ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ನೀವು ನಿಮ್ಮನೇಲಿರ್ತೀರಿ.”

ದಿನವಿಡೀ ಮನೆಯಲ್ಲಿ! ಮೂರು ದಿಕ್ಕಿನ ಆಜ್ಞೆಗಳ ನಡುವೆ! ಆದರೂ ಗ್ರಂಥಪಾಲಕ ಎದೆಗುಂದಲಿಲ್ಲ. ಸ್ಟೂಲಿನ ಮೇಲೆ ಹತ್ತಿ ನಿಂತು ಪುಸ್ತಕದ ತೂತುಗಳನ್ನು ಎಲ್ಲರಿಗೂ ತೋರಿಸಿದ.

“ಮಕ್ಕಳೇ, ನಾನು ಓದಿದ್ದು ಸುಳ್ಳು. ಕೊನೆಯನ್ನ ಗೆದ್ದಲು ತಿಂದಿದೆ. ನಿಜವಾದ ಕತೇಲಿ ಅವಳು ಮನೆಗೆ ಬರ್ತಾಳೆ. ಅಮ್ಮ ಬಿಸಿಹಾಲು ಕೊಡ್ತಾಳೆ.”

“ಹಾಲಿಗೋಸ್ಕರಾನಾ?” ಹದಿನಾಲ್ಕು ಗಂಟಲು ಒಟ್ಟಿಗೆ ಕೇಳಿದವು. ನ್ಯಾಯಾಧೀಶ ಬೆಕ್ಕು ಕೂಡ ಅಸಹ್ಯದಿಂದ ತಲೆಯಾಡಿಸಿತು. “ಯಾಕೆ ಬಂದ್ಲು? ಸರಿಯಾಗಿ ಹೇಳಿ” ಎಂದಳು ಯಾಕಮ್ಮ.

ಯಾಕೆ ಬಂದಳೋ ಅವನಿಗೂ ಗೊತ್ತಿರಲಿಲ್ಲ. ದಾರಿ ಗೊತ್ತಿಲ್ಲದಿದ್ದರೂ ಮುಂದೆ ನಡೆಯುವವನ ಹಾಗೆ ಬಾಯಿ ತೆರೆದ.

“ಮೊದಲನೇ ದಿನ ಅವಳಿಗೆ ಕುಣಿಯೋಷ್ಟು ಖುಷಿ. ಎರಡನೇ ದಿನಾನೂ ಖುಷಿ. ಮೂರನೇ ದಿನ ಬೆಟ್ಟ ಹತ್ತೋ ನದೀಲಿ ಕಾಲು ಜಾರಿ ಬಿದ್ದು ಮೊಣಕಾಲು ತರಚ್ಕೊಂಡ್ಲು. ಎಲ್ಲರೂ ಬಂದು ಮರ್ಯಾದೆಯಿಂದ ಔಷಧಿ ಹಚ್ಚಿದ್ರು. ಆದ್ರೆ ‘ಓಡ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ!’ ಅಂತ ಬೈಯೋರು ಒಬ್ಬರೂ ಇರ್ಲಿಲ್ಲ. ಬೈಗುಳ ಇಲ್ಲದ ಔಷಧಿ ಉರಿ ಕಮ್ಮಿ ಮಾಡ್ಲಿಲ್ಲ.”

ಕೆಲವು ಮಕ್ಕಳು ತಮ್ಮ ಮೊಣಕಾಲು ಮುಟ್ಟಿಕೊಂಡರು.

“ಆಮೇಲೆ ಅವಳು ಹೇಳಿದ್ಲು, ‘ನೋಡಿ, ನದಿ ಮೇಲಕ್ಕೆ ಹರೀತಿದೆ!’ ಅಂತ. ಅಲ್ಲಿಯವರು, ‘ಹೌದು, ಮತ್ತೆಲ್ಲಿಗೆ ಹರೀಬೇಕು?’ ಅಂದ್ರು. ಅವರಿಗದು ದಿನನಿತ್ಯದ ಮಾತು. ಅವಳ ಹೊಟ್ಟೆ ತುಂಬ ಬೆರಗು ತುಂಬಿತ್ತು, ಸುರಿಯೋಕೆ ಜಾಗ ಇರ್ಲಿಲ್ಲ. ಕಂಡದ್ದನ್ನ ಹೇಳಿದ್ರೆ ಬಾಯಿ ಬಿಟ್ಕೊಂಡು ಕೇಳೋರು ಬೇಕಲ್ವಾ? ಆ ಜಾಗಾನೇ ಮನೆ.”

ಇಷ್ಟು ಹೇಳುವಾಗ, ಯಾರೂ ಕರೆಯದೆಯೇ ಹೆಂಡತಿಯ ನೆನಪು ಬಂತು. ಸಂಜೆ ಅವನು ವಾಚನಾಲಯದ ಸುದ್ದಿ ಹೇಳುತ್ತಿದ್ದರೆ ಅವಳು ತರಕಾರಿ ಹೆಚ್ಚುತ್ತ, ತಲೆಯೆತ್ತದೆ, “ಆಮೇಲೆ?” ಎನ್ನುತ್ತಿದ್ದಳು. ಹದಿನೈದು ವರ್ಷಗಳಲ್ಲಿ ಒಂದು ದಿನವೂ ಆ “ಆಮೇಲೆ?” ತಪ್ಪಿರಲಿಲ್ಲ. ಈಗಿಂದೀಗಲೇ ಮನೆಗೆ ಹೋಗಬೇಕು, ಅಟ್ಟ ಹತ್ತಬೇಕು ಎನಿಸಿತು.

ಯಾಕಮ್ಮ ಜಡೆ ಹಿಂದಕ್ಕೆಸೆದಳು. “ನಾನಿದನ್ನ ಅಜ್ಜಿಗೆ ಹೇಳ್ಬೇಕು!” ಎಂದು ಬೆಂಚು ಸರಿಸಿ ಚಿಲಕ ತೆಗೆದಳು. ಗೋಣಿಚೀಲ ಹರಿದು ಕಾಳು ಚೆಲ್ಲಿದಂತೆ ಮಕ್ಕಳು ಹೊರಗೆ ಹಾರಿ, ಹೆತ್ತವರನ್ನೂ ದಾಟಿ, ಓಣಿಯ ತಮ್ಮ ತಮ್ಮ ಮನೆಗಳತ್ತ ಓಡಿದರು. ಒಬ್ಬರೂ ಉಳಿಯಲಿಲ್ಲ.

ಅಷ್ಟರಲ್ಲಿ ದೊಡ್ಡ ಮೇಡಂ ಬಂದರು. ಖಾಲಿಯಾದ ಚಾಪೆಗಳನ್ನು ನೋಡಿ, “ಪರವಾಗಿಲ್ವೇ!” ಎಂದರು. ಆಕೆಯ ಬಾಯಲ್ಲಿ ಅದು ಪದಕಕ್ಕೆ ಸಮ.

ಗ್ರಂಥಪಾಲಕ ಗೆದ್ದವನ ಹಾಗೆ ಕೊಡೆ ಕೈಗೆತ್ತಿಕೊಂಡ. ಆಗ ನರ್ಸಮ್ಮ ಒಳಗೆ ಬಂದಳು. ಬಯ್ಯಲಿಕ್ಕೆ ಬಂದಳೆಂದುಕೊಂಡರೆ, ಚಾಪೆಯ ಮೇಲೆ ಕೂತು ಚಪ್ಪಲಿ ಬಿಚ್ಚಿದಳು.

“ಆ ನಾಡಲ್ಲಿ ಯಾರೂ ಯಾರನ್ನೂ ಕರೆಯೋದೇ ಇಲ್ಲ ಅಂತ ನನ್ನ ಮಗಳು ಹೇಳ್ತಿದ್ಲು. ನಿಜವಾಗ್ಲೂ ಕರೆಯಲ್ವಾ? ಗಂಟೆ ಗಿಂಟೆ ಏನೂ ಬಾರಿಸಲ್ವಾ?”

“ಮೊದಲಿಂದ ಓದಿ, ನಾವೂ ಕೇಳ್ಬೇಕು” ಎಂದು ಕಂಡಕ್ಟರ್ ಅವಳ ಪಕ್ಕ ಕಾಲು ಚಾಚಿದ. ದರ್ಜಿ ಬಂದ. ಓಣಿಯ ಇನ್ನಷ್ಟು ಜನ ಬಂದರು. ಹವಾಲ್ದಾರರಂತೂ ಎತ್ತರದ ಕುರ್ಚಿಯಿಂದ ಇಳಿದೇ ಇರಲಿಲ್ಲ.

“ಮೇಡಂ, ನೀವಾದ್ರೂ ಹೇಳಿ. ನಾನು ಮನೆಗೆ ಹೋಗ್ಬೇಕು” ಎಂದ ಗ್ರಂಥಪಾಲಕ.

“ಹನ್ನೊಂದು ವರ್ಷದಲ್ಲಿ ಮೊದಲ ಸಲ ದೊಡ್ಡವರು ಬಂದು ‘ಓದಿ’ ಅಂತ ಕೇಳ್ತಿದ್ದಾರೆ. ನೀವು ಎಲ್ಲಿಗ್ರೀ ಹೊರಟ್ರಿ?” ದೊಡ್ಡ ಮೇಡಂ ಕೈಚೀಲ ಮಡಿಲಲ್ಲಿಟ್ಟುಕೊಂಡು ತಾವೂ ಕೂತರು.

“ಅಯ್ಯೋ, ನನ್ನ ಹೆಂಡತಿ ಕಾಯ್ತಿರ್ತಾಳೆ!”

“ಇಲ್ಲ, ಕಾಯ್ತಿಲ್ಲ.”

ಧ್ವನಿ ಕೊನೆಯ ಸಾಲಿನಿಂದ ಬಂತು. ಹೆಂಡತಿ ಅಲ್ಲಿ ಕಪಾಟಿಗೆ ಒರಗಿ ಕೂತಿದ್ದಳು. ಕೂದಲಲ್ಲಿ ಜೇಡರ ಬಲೆ, ಕೆನ್ನೆಗೆ ಮಸಿ. ಒಂದು ಗಂಟೆಯಾಗುವ ಮೊದಲೇ ಅವನನ್ನು ಎಳೆದೊಯ್ಯಲು ಬಂದವಳು ಕಿಟಕಿಯ ಹೊರಗೆ ಜನರ ನಡುವೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅವನು ಜನರನ್ನು ದಾಟಿಕೊಂಡು ಹೋಗಿ ಅವಳ ಮುಂದೆ ನಿಂತ. ಅಷ್ಟು ಅಕ್ಕರೆಯಿಂದ ಅವಳೊಡನೆ ಮಾತಾಡಿ ವರ್ಷಗಳೇ ಆಗಿದ್ದವು. “ಏಳು, ಮನೆಗೆ ಹೋಗೋಣ.”

“ನೀವು ಹೇಳಿದ್ದು ತುಂಬಾ ಚೆನ್ನಾಗಿತ್ತು. ನನಗೆ ಅಳೂನೇ ಬಂತು” ಎಂದಳು ಅವಳು, ಚಾಪೆಯ ಮೇಲೆ ಇನ್ನಷ್ಟು ಅನುಕೂಲವಾಗಿ ಕೂರುತ್ತ. “ಆದ್ರೆ ಆ ಹುಡುಗಿ ಮೂರು ದಿನ ಅಲ್ಲಿದ್ದು ಆಮೇಲೆ ತಾನೇ ಮನೆಗೆ ಬಂದಿದ್ದು? ನಾನಿನ್ನೂ ಅಲ್ಲಿಗೆ ಹೋಗೇ ಇಲ್ಲ. ಓದಿ.”